ಅಮ್ಮನ್ನ ಬುಸಾನ್‌ಗೆ ಕರ್ಕೊಂಡು ಹೋಗ್ತಿದೀನಿ, ಅಲ್ಲಿನ ಸ್ನಾನದ ಮನೆಗೆ ಹೋಗ್ಬಹುದಾ?

ಹೇಮಾವತಿ_ದಡ

ಎಲ್ರಿಗೂ ನಮಸ್ಕಾರ. ಕೊರಿಯಾದಲ್ಲಿರೋ ಕನ್ನಡದವರು ಇಲ್ಲಿ ಸುಮಾರು ಜನ ಇದ್ದೀರಲ್ಲ ಅಂತ ಕೇಳ್ತಿದೀನಿ. ನಾವು ಸುವೊನ್‌ಗೆ ಬಂದು ಏಳು ತಿಂಗಳಾಯ್ತು, ಯಜಮಾನ್ರ ಕೆಲಸದ ಮೇಲೆ. ಈಗ ಅಮ್ಮ ಸಕಲೇಶಪುರದಿಂದ ಬರ್ತಿದಾರೆ, ಮೂರು ವಾರ ಇರ್ತಾರೆ. ಅಪ್ಪ ಕಾಫಿ ಕೊಯ್ಲು ಹತ್ರ ಬಂತು ನಾನು ಬರಲ್ಲ ನೀನು ಹೋಗ್ಬಾ ಅಂದ್ಬಿಟ್ರಂತೆ. ನವೆಂಬರ್‌ನಲ್ಲಿ ಮೂರು ದಿನ ಬುಸಾನ್‌ಗೆ ಹೋಗೋಣ ಅಂತಿದೀವಿ, ನಾನು ಅಮ್ಮ ಇಬ್ರೇ.

ವಿಷಯ ಏನಂದ್ರೆ ನಂಗೆ ಅಮ್ಮನ್ನ ಒಂದು ದಿನ ಇಲ್ಲಿನ ಸ್ನಾನದ ಮನೆಗೆ ಕರ್ಕೊಂಡು ಹೋಗ್ಬೇಕು ಅಂತ ಬಹಳ ಆಸೆ. ಯಾಕೆ ಅಂದ್ರೆ ನಮ್ಮನೇಲಿ ಇವತ್ತಿಗೂ ಬೆಳಗ್ಗೆ ಐದಕ್ಕೆ ಎದ್ದು ಬಚ್ಚಲೊಲೆ ಹಚ್ಚೋದು ಅಮ್ಮನೇ, ಸೌದೆ ಹಸಿ ಇದ್ರೆ ಊದುಕೊಳವೆ ಹಿಡ್ಕೊಂಡು ಕಣ್ಣಲ್ಲಿ ನೀರು ಸುರಿಸ್ಕೊಂಡು ಊದ್ತಾ ಕೂತಿರ್ತಾರೆ, ದೀಪಾವಳಿ ನೀರು ತುಂಬೋ ಹಬ್ಬ ಬಂದ್ರಂತೂ ತಾತ, ಅಪ್ಪ, ಚಿಕ್ಕಪ್ಪನ ಮಕ್ಕಳು, ನಾವು ಎಲ್ರಿಗೂ ಎಣ್ಣೆ ಹಚ್ಚಿ ಸೀಗೆಪುಡಿ ಕಲಸಿ ಬೆನ್ನುಜ್ಜಿ ನೀರು ಹಾಕಿ ಕಳ್ಸೋಷ್ಟರಲ್ಲಿ ಹಂಡೆ ತಳ ಮುಟ್ಟಿರುತ್ತೆ, ಆಮೇಲೆ ಉಳಿದ ಉಗುರುಬೆಚ್ಚಗಿನ ನೀರಲ್ಲಿ ತಾವು ಎರಡು ಚೊಂಬು ಸುರ್ಕೊಂಡು ಅಡುಗೆಮನೆಗೆ ಓಡ್ತಾರೆ. ಒಂದು ದಿನ ಬೇರೆ ಯಾರಾದ್ರೂ ಅಮ್ಮನಿಗೆ ಬಿಸಿನೀರು ಹಾಕ್ಲಿ ಅನ್ನೋದಷ್ಟೇ ನನ್ನ ಆಸೆ.

ಆದ್ರೆ ಅಲ್ಲಿ ಬಟ್ಟೆ ಪೂರ್ತಿ ತೆಗೀಬೇಕು ಅಂತಾರಲ್ಲ. ನಾನೇ ಇನ್ನೂ ಹೋಗಿಲ್ಲ, ಸಂಕೋಚ. ಅಮ್ಮಂಗೆ 57, ಬಿಪಿ ಮಾತ್ರೆ ತಗೋತಾರೆ, ಮಂಡಿ ನೋವಿದೆ, ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ಹೋಗಿರೋರು ಸ್ವಲ್ಪ ವಿವರವಾಗಿ ಹೇಳ್ತೀರಾ?

ಸುವೊನ್_ಅಕ್ಕ

ಖಂಡಿತ ಕರ್ಕೊಂಡು ಹೋಗು ತಂಗಿ. ನಾನಿಲ್ಲಿ ಬಂದು ಒಂಬತ್ತು ವರ್ಷ ಆಯ್ತು, ಚಳಿಗಾಲದಲ್ಲಿ ಹದಿನೈದು ದಿನಕ್ಕೊಂದ್ಸಲ ಹೋಗ್ಲೇಬೇಕು ನಂಗೆ.

ಮೊದಲು ಒಂದು ತಿಳ್ಕೋ, ಎರಡು ಥರ ಇರುತ್ತೆ. ಮೊಗ್ಯೊಕ್‌ಟಾಂಗ್ ಅಂದ್ರೆ ಬರೀ ಸ್ನಾನದ್ದು, ಹೆಂಗಸರಿಗೆ ಬೇರೆ ಗಂಡಸರಿಗೆ ಬೇರೆ, ಒಳಗೆ ಯಾರ ಮೈಮೇಲೂ ಬಟ್ಟೆ ಇರಲ್ಲ, ಈಜುಡುಗೆನೂ ಹಾಕೋ ಹಾಗಿಲ್ಲ. ಜಿಮ್‌ಜಿಲ್‌ಬಾಂಗ್ ಅಂದ್ರೆ ಆ ಸ್ನಾನದ ಜೊತೆಗೆ ಹೊರಗೆ ಎಲ್ರೂ ಸೇರಿ ಕೂರೋ ದೊಡ್ಡ ಹಾಲ್, ಬಿಸಿ ನೆಲ, ಉಪ್ಪಿನ ಕೋಣೆ, ಕೆಮ್ಮಣ್ಣಿನ ಕೋಣೆ, ಇದ್ದಿಲಿನ ಕೋಣೆ, ಒಂದು ಐಸ್ ಕೋಣೆ, ಊಟ ತಿಂಡಿ ಎಲ್ಲ ಇರುತ್ತೆ. ಅಲ್ಲಿ ಅವರೇ ಟೀ ಶರ್ಟು ಚಡ್ಡಿ ಕೊಡ್ತಾರೆ, ಗಂಡ ಹೆಂಡ್ತಿ ಮಕ್ಕಳು ಎಲ್ರೂ ಒಂದೇ ಯೂನಿಫಾರಂನಲ್ಲಿ ಬಿದ್ದುಕೊಂಡಿರ್ತಾರೆ. ಆಸೆ ಇರೋದು ಸ್ನಾನದ್ದು ಅಂದ್ಮೇಲೆ ಮೊದಲನೇದೇ ಸಾಕು.

ನಾಚಿಕೆ ವಿಷಯ ನಂದೇ ಹೇಳ್ತೀನಿ. ಮೊದಲ ಸಲ ಲಾಕರ್ ಮುಂದೆ ಹತ್ತು ನಿಮಿಷ ನಿಂತಿದ್ದೆ. ಅವರು ಕೊಡೋ ಟವೆಲ್ ಕೈ ಒರೆಸೋ ಟವೆಲ್‌ನಷ್ಟೇ ಇರುತ್ತೆ, ಹೆಂಗಸರಿಗೆ ಲೆಕ್ಕ ಹಾಕಿ ಎರಡೇ ಕೊಡೋದು, ಅದ್ರಲ್ಲಿ ಮುಂದೆ ಮುಚ್ಕೊಂಡ್ರೆ ಹಿಂದೆ ಕಾಣುತ್ತೆ. ಕೊನೆಗೆ ಹೆಂಗೋ ಒಳಗೆ ಹೋದೆ, ನೋಡಿದ್ರೆ ಒಬ್ಬರೂ ನನ್ನ ಕಡೆ ನೋಡ್ಲಿಲ್ಲ. ಎಂಬತ್ತರ ಅಜ್ಜಿ, ತುಂಬು ಬಸುರಿ, ಆರು ವರ್ಷದ ಮಗು, ಸಿಸೇರಿಯನ್ ಗಾಯ ಇರೋರು, ಒಂದು ಸ್ತನ ಇಲ್ಲದೋರು, ಎಲ್ಲ ತಮ್ಮಪಾಡಿಗೆ ತಾವು ತಲೆ ತೊಳ್ಕೊಂತಿದಾರೆ. ಐದು ನಿಮಿಷ ಅಷ್ಟೇ, ಆಮೇಲೆ ನೆನಪೂ ಇರಲ್ಲ. ಫೋನ್ ಒಳಗೆ ತರೋ ಹಾಗಿಲ್ಲ, ಅದೊಂದು ಧೈರ್ಯ.

ಈಗ ಕ್ರಮ. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಶೂ ಲಾಕರ್‌ಗೆ ಹಾಕ್ಬೇಕು, ಆಮೇಲೆ ಬಟ್ಟೆ ಲಾಕರ್ ಬೀಗ ಕೈಗೆ ಹಾಕ್ಕೊಳ್ಳೋ ಬಳೆ ಥರ ಇರುತ್ತೆ. ಒಳಗೆ ಹೋದ ತಕ್ಷಣ ಗಿಡ್ಡ ಸ್ಟೂಲ್ ಮೇಲೆ ಕೂತು ಮೈ ತಲೆ ಚೆನ್ನಾಗಿ ತೊಳೀಬೇಕು, ತೊಳೀದೆ ತೊಟ್ಟಿಗೆ ಇಳಿದ್ರೆ ಅಜ್ಜಿಯರು ಬೈದೇ ಬೈತಾರೆ, ಅದು ನಮ್ಮ ಮಡಿ ಥರಾನೇ ಅನ್ಕೋ. ಕೂದಲು ಎತ್ತಿ ಗಂಟು ಹಾಕ್ಬೇಕು, ನೀರಿಗೆ ತಾಗಬಾರದು. ಆಮೇಲೆ ಬಿಸಿ ತೊಟ್ಟಿಲಿ ಹದಿನೈದು ಇಪ್ಪತ್ತು ನಿಮಿಷ. ತೊಟ್ಟಿ ಮೇಲೆ ಡಿಗ್ರಿ ಬರ್ದಿರುತ್ತೆ, ಅಮ್ಮಂಗೆ 38, 39 ಇರೋದು ಸಾಕು, 42ಕ್ಕೆ ಇಳಿಸ್ಬೇಡ.

ಮೈ ಮೆತ್ತಗಾದ್ಮೇಲೆ ಸೆಶಿನ್. ಇದನ್ನ ಮಾತ್ರ ಬಿಡ್ಬೇಡ. ಕಪ್ಪು ಒಳ ಉಡುಪು ಹಾಕಿರೋ ಅಜುಮ್ಮಾ (ಅಂದ್ರೆ ನಡುವಯಸ್ಸಿನ ಹೆಂಗಸು) ಒಬ್ಬರು ರೆಕ್ಸಿನ್ ಹೊದಿಸಿರೋ ಮೇಜಿನ ಮೇಲೆ ಮಲಗಿಸ್ಕೊಂಡು ಎರಡೂ ಕೈಗೆ ಒರಟು ಚೀಲ ಹಾಕ್ಕೊಂಡು ತಲೆಯಿಂದ ಕಾಲಿನವರೆಗೂ ಉಜ್ಜುತ್ತಾರೆ. ಆ ಚೀಲಕ್ಕೆ ಇಟಲಿ ಟವೆಲ್ ಅಂತ ಹೆಸರು, ಹಸಿರು ಬಣ್ಣದ್ದು, ಹುಟ್ಟಿದ್ದು ಬುಸಾನ್‌ನಲ್ಲೇ, 1960ರ ದಶಕದಲ್ಲಿ. ಬಟ್ಟೆ ಇಟಲಿಯಿಂದ ಬರ್ತಿತ್ತು ಅಂತ ಆ ಹೆಸರು ಬಂತಂತೆ. ಹಿಂದಿನ ದಿನದಿಂದ ಅಮ್ಮಂಗೆ ಎಣ್ಣೆ, ಲೋಶನ್ ಏನೂ ಹಚ್ಬೇಡ, ಸೆಶಿನ್‌ಗೆ ಮುಂಚೆ ಮೈಗೆ ಸೋಪೂ ಜಾಸ್ತಿ ಬೇಡ, ಜಿಡ್ಡಿದ್ರೆ ಚೀಲ ಜಾರುತ್ತೆ, ಕೊಳೆ ಏಳಲ್ಲ. ಚಾರ್ಜು ಪ್ರವೇಶದ್ದು ಬೇರೆ ಇದು ಬೇರೆ. ಏರಿಯಾದ ಸಣ್ಣ ಸ್ನಾನದ ಮನೆಗಳಲ್ಲಿ ಪ್ರವೇಶ 10,000 ವೊನ್ ಆಸುಪಾಸು, ಉಜ್ಜೋಕೆ 30,000 ಆಸುಪಾಸು ಇಟ್ಕೋ.

ಬುಸಾನ್‌ನಲ್ಲಿ ಎಲ್ರೂ ಹೇಳೋದು ಸೆಂಟಮ್ ಸಿಟಿಯ ಸ್ಪಾ ಲ್ಯಾಂಡ್, ಶಿನ್ಸೆಗೆ ಡಿಪಾರ್ಟ್‌ಮೆಂಟ್ ಸ್ಟೋರ್ ಒಳಗೇ ಇದೆ. ಮೆಟ್ರೋ ಎರಡನೇ ಲೈನ್ ಇಳಿದ್ರೆ ನೇರ ಅಲ್ಲೇ. ಚೆನ್ನಾಗಿದೆ, ಆದ್ರೆ ನಾಲ್ಕು ಗಂಟೆ ಟೈಮು, ಟೂರಿಸ್ಟ್‌ಗಳು ಜಾಸ್ತಿ. ನಿಮ್ಮಮ್ಮಂಗೆ ನಾನು ಹೇಳೋದು ಡೊಂಗ್ನೆ. ಅದು ಹಳೇ ಬಿಸಿನೀರ ಬುಗ್ಗೆ ಊರು, ಸಾವಿರ ವರ್ಷಕ್ಕೂ ಹಿಂದೆ ಇಲ್ಲಿ ಆಳಿದ ಸಿಲ್ಲಾ ರಾಜರ ಕಾಲದಿಂದ ಹೆಸರಾಗಿರೋದು. ಮೆಟ್ರೋ ಒಂದನೇ ಲೈನ್‌ನಲ್ಲಿ ಒಂಚನ್‌ಜಾಂಗ್ ಸ್ಟೇಶನ್, ಅಲ್ಲಿ ಹೊಶಿಮ್‌ಚೊಂಗ್ ಅಂತ ದೊಡ್ಡ ಸ್ನಾನಗೃಹ ಇದೆ, ಊರಿನ ಅಜ್ಜಿಯರೇ ಜಾಸ್ತಿ ಬರೋದು. ಹತ್ರದಲ್ಲೇ ರಸ್ತೆ ಪಕ್ಕ ಪುಕ್ಕಟೆ ಕಾಲು ನೆನೆಸೋ ತೊಟ್ಟಿನೂ ಇದೆ, ಮೊದಲ ದಿನ ಅಲ್ಲಿ ಬರೀ ಕಾಲಿಟ್ಟು ಕೂರ್ಸು, ಭಯ ಅರ್ಧ ಹೋಗುತ್ತೆ. ಮಂಡಿ ನೋವು ಅಂದ್ಯಲ್ಲ, ಆ ಬುಗ್ಗೆಗೆ ಒಂದು ಕಥೆನೂ ಇದೆ, ಕಾಲು ನೋವಿನ ಒಬ್ಬ ಮುದುಕಿ ಒಂದು ಕುಂಟೋ ಬಿಳಿ ಕೊಕ್ಕರೆ ಬಂದು ನೀರಲ್ಲಿ ನಿಂತು ವಾಸಿಯಾಗಿ ಹಾರಿಹೋಗಿದ್ದು ನೋಡಿ ತಾನೂ ಕಾಲಿಟ್ಲಂತೆ. ಅಮ್ಮಂಗೆ ಇದನ್ನ ಹೇಳು.

ರಾಜಾಜಿನಗರ_ಹುಡ್ಗ

ಮೇಡಂ ನಂದು ಗಂಡಸರ ಕಡೆ ಅನುಭವ, ಆದ್ರೂ ಹೇಳ್ತೀನಿ, ಯಾಕಂದ್ರೆ ನನಗೂ ಇದೇ ಭಯ ಇತ್ತು. ಎರಡು ವರ್ಷದ ಹಿಂದೆ ಆಫೀಸ್ ಕೆಲಸಕ್ಕೆ ಬಂದಾಗ ಕೊನೇ ಟ್ರೈನ್ ತಪ್ಪೋಯ್ತು, ಹೋಟೆಲ್‌ಗೆ ದುಡ್ಡು ಹಾಕೋ ಮನಸಿಲ್ಲ, ಇಪ್ಪತ್ನಾಲ್ಕು ಗಂಟೆ ತೆಗೆದಿರೋ ಜಿಮ್‌ಜಿಲ್‌ಬಾಂಗ್‌ಗೆ ಹೋದೆ. ರಾತ್ರಿ ಹಾಲ್‌ನಲ್ಲಿ ಬಿಸಿ ನೆಲದ ಮೇಲೆ ಒಂದು ತೆಳ್ಳನೆ ಚಾಪೆ, ಇಟ್ಟಿಗೆ ಥರ ಗಟ್ಟಿ ದಿಂಬು, ಪಕ್ಕದಲ್ಲಿ ಯಾರೋ ಗೊರಕೆ, ಆದ್ರೂ ಅಂಥ ನಿದ್ದೆ ಮನೇಲೂ ಮಾಡಿಲ್ಲ ಸತ್ಯವಾಗ್ಲೂ. (ಕೊರೊನಾ ಆದ್ಮೇಲೆ ಇಂಥವು ಸುಮಾರು ಮುಚ್ಚಿಹೋಗಿವೆ, ಹಳೇ ಬ್ಲಾಗ್ ನೋಡ್ಕೊಂಡು ಹೋಗ್ಬೇಡಿ, ತೆಗೆದಿದ್ಯಾ ಅಂತ ಮ್ಯಾಪ್‌ನಲ್ಲಿ ನೋಡ್ಕೊಳ್ಳಿ.)

ನಾನು ಹೇಳ್ಬೇಕಂತಿದ್ದಿದ್ದು ಬೆಳಗ್ಗೆದು. ಆರು ಗಂಟೆಗೆ ಸ್ನಾನಕ್ಕೆ ಕೂತಿದೀನಿ, ಪಕ್ಕದ ಸ್ಟೂಲ್‌ನಲ್ಲಿ ಒಬ್ಬ ಅಜ್ಜ, ನಮ್ಮ ತಾತನ ವಯಸ್ಸು. ನನ್ನ ಭುಜ ತಟ್ಟಿ ಆ ಹಸಿರು ಚೀಲ ನನ್ನ ಕೈಗೆ ಕೊಟ್ಟು ಬೆನ್ನು ತಿರುಗಿಸಿ ಕೂತ್ಕೊಂಡ್ರು. ಒಂದು ಮಾತಿಲ್ಲ. ನಾನು ಉಜ್ಜಿದೆ, ಹೆದರ್ಕೊಂಡು ಮೆಲ್ಲಗೆ ಉಜ್ಜಿದ್ರೆ ಇನ್ನೂ ಜೋರಾಗಿ ಅಂತ ಕೈಸನ್ನೆ ಮಾಡಿದ್ರು. ಆಮೇಲೆ ಚೀಲ ವಾಪಸ್ ಇಸ್ಕೊಂಡು ನನ್ನ ತಿರುಗಿಸಿ ನನ್ನ ಬೆನ್ನು ಉಜ್ಜಿ ಒಂದು ಬೋಗುಣಿ ಬಿಸಿನೀರು ಸುರಿದು ಎದ್ದು ಹೋದ್ರು. ಪರವೂರಲ್ಲಿ ಒಬ್ಬನೇ ಇದ್ದೋನಿಗೆ ಅದೆಷ್ಟು ಹಿತ ಆಯ್ತು ಅಂತ ಹೇಳೋಕೆ ಬರ್ತಿಲ್ಲ. ತಾತ ಹೋದ್ಮೇಲೆ ನನ್ನ ಬೆನ್ನು ಯಾರೂ ಉಜ್ಜಿರ್ಲಿಲ್ಲ.

ಊಟಕ್ಕೆ: ಶಿಕ್ಯೆ ಅಂತ ಸಿಗುತ್ತೆ, ಅನ್ನ ಮತ್ತೆ ಮೊಳಕೆ ಬಾರ್ಲಿಲಿ ಮಾಡಿರೋ ತಣ್ಣನೆ ಸಿಹಿ ಪಾನೀಯ, ತಳದಲ್ಲಿ ಅನ್ನದ ಅಗುಳು ಇರುತ್ತೆ, ಅಮ್ಮ ಧೈರ್ಯವಾಗಿ ಕುಡೀಬಹುದು. ಸುಟ್ಟ ಗೆಣಸು ಸಿಕ್ರೆ ತಗೊಳ್ಳಿ. ಎಲ್ರೂ ತಿನ್ನೋ ಕಂದು ಬಣ್ಣದ ಮೊಟ್ಟೆ ನಿಮಗೆ ಆಗಲ್ಲ. ಸಮುದ್ರಪಾಚಿ ಸೂಪ್ ತರಕಾರಿ ಥರ ಕಾಣುತ್ತೆ, ಆದ್ರೆ ದನದ ಮಾಂಸನೋ ಮೀನೋ ಹಾಕಿರ್ತಾರೆ, ಕಿಮ್ಚಿಗೂ ಮೀನಿನ ರಸ ಬೀಳುತ್ತೆ. ಮನೆಯಿಂದ ತಿಂದ್ಕೊಂಡೇ ಹೋಗಿ, ಆದ್ರೆ ಹೊಟ್ಟೆ ಬಿರಿಯೋ ಹಾಗೆ ಬೇಡ.

ಧಾರವಾಡ್_ಸಿಸ್ಟರ್

ಅಕ್ಕಾರ, ನಾ ದವಾಖಾನ್ಯಾಗ ನರ್ಸ್ ಇದ್ದೀನ್ರಿ, ಅದಕ್ಕ ಬಿಪಿ ವಿಷಯ ಅಷ್ಟ ಹೇಳ್ತೀನಿ. ಬರೂಕಿಂತ ಮೊದಲ ನಿಮ್ಮ ಅವ್ವಾರ ಡಾಕ್ಟರ್‌ನ ಒಂದ್ ಮಾತ ಕೇಳಸ್ರಿ, ಅದನ್ನ ಬಿಡಬ್ಯಾಡ್ರಿ. ಅವ್ರು ಹೂಂ ಅಂದ್ರ ಆಮ್ಯಾಲೆ ಹೋಗ್ರಿ. ಬಿಸಿನೀರಾಗ ಕುಂತ್ರ ರಕ್ತನಾಳ ಅಗಲ ಆಗಿ ಬಿಪಿ ಇಳೀತದ, ಮ್ಯಾಲೆ ಗುಳಿಗಿ ಬ್ಯಾರೆ ತಗೊಂಡಿರ್ತಾರ, ಜಲ್ದಿ ಎದ್ರ ತಲಿ ಸುತ್ತಿ ಬೀಳ್ತಾರ. ನೆಲಾನೂ ಜಾರತಿರ್ತದ. ಅದಕ್ಕ ಒಮ್ಮೆಲೇ ಇಪ್ಪತ್ತ ನಿಮಿಷ ಬ್ಯಾಡ, ಏಳೆಂಟ ನಿಮಿಷ ಕುಂದರಸ್ರಿ, ದಂಡಿ ಮ್ಯಾಲೆ ಎರಡ ನಿಮಿಷ ಕುಂದರಸಿ, ಸಾವಕಾಶ ಕೈ ಹಿಡದ ಎಬ್ಬಿಸ್ರಿ. ಬಿಸಿಯಿಂದ ಎದ್ದ ತಣ್ಣೀರ ತೊಟ್ಟಿಗೆ ಧುಮುಕೂದು ಅವ್ರಿಗೆ ಬ್ಯಾಡೇ ಬ್ಯಾಡ. ನೀರ ಭಾಳ ಕುಡಸ್ರಿ. ಎದಿ ಡವಡವ ಅಂದ್ರ ಅಲ್ಲಿಗೇ ಸಾಕ ಮಾಡ್ರಿ.

ಮಂಡಿಗೆ ಮಾತ್ರ ಭಾಳ ಆರಾಮ ಅನಸ್ತದ ನೋಡ್ರಿ. ನಮ್ಮವ್ವಗೂ ನಾ ದಿನಾ ಬಿಸಿನೀರ ಶಾಖ ಕೊಡ್ತೀನಿ.

ಹೇಮಾವತಿ_ದಡ

ಎಲ್ರಿಗೂ ತುಂಬಾ ಥ್ಯಾಂಕ್ಸ್. ಸಿಸ್ಟರ್, ಡಾಕ್ಟರ್ ಹತ್ರ ಕೇಳಿದ್ವಿ, ಜಾಸ್ತಿ ಹೊತ್ತು ಬೇಡ ಅಂದ್ರಂತೆ, ನೀವು ಹೇಳಿದ್ದೇ. ಇನ್ನೊಂದೇ ಪ್ರಶ್ನೆ ಸುವೊನ್ ಅಕ್ಕ. ಫೋನಲ್ಲಿ ಅಮ್ಮಂಗೆ ಹೇಳಿದೆ, ಬಟ್ಟೆ ವಿಷಯಕ್ಕಿಂತ ಜಾಸ್ತಿ ಕೇಳಿದ್ದು ತಾಳಿ ತೆಗೀಬೇಕಾ ಅಂತ. ತೆಗೀಬೇಕು ಅಂದ್ರೆ ನಾನು ಬರಲ್ಲ ಅಂದ್ಬಿಟ್ರು.

ಸುವೊನ್_ಅಕ್ಕ

ಯಾರೂ ತೆಗಿ ಅನ್ನಲ್ಲ. ಆದ್ರೆ ಬಿಸಿ ಕೋಣೆಗೆ ಹೋದ್ರೆ ಚಿನ್ನ ಕಾದು ಕತ್ತು ಸುಡುತ್ತೆ, ನಿಜವಾಗ್ಲೂ ಬೊಬ್ಬೆ ಬರುತ್ತೆ, ಉಜ್ಜುವಾಗಲೂ ಸರ ಚೀಲಕ್ಕೆ ಸಿಕ್ಕಿ ಎಳೆಯುತ್ತೆ. ನಮ್ಮತ್ತೆ ಬಂದಾಗ ಏನು ಮಾಡಿದ್ವಿ ಗೊತ್ತಾ, ಊರಲ್ಲಿ ಆಪರೇಶನ್‌ಗೆ ಹೋಗುವಾಗ ಮಾಡ್ತಾರಲ್ಲ ಹಾಗೆ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಟಿ ಕತ್ತಿಗೆ ಹಾಕಿದ್ವಿ, ಚಿನ್ನದ್ದನ್ನ ಮನೇಲೇ ದೇವರ ಮುಂದೆ ಇಟ್ಟು ಹೋದ್ವಿ. ಹೊಸ ಅರಿಶಿನ ದಾರ ಬೇಡ, ತೊಟ್ಟಿ ನೀರಿಗೆ ಬಣ್ಣ ಬಿಡುತ್ತೆ, ಅದು ಮರ್ಯಾದೆ ಅಲ್ಲ. ನಾಲ್ಕು ಸಲ ತೊಳೆದು ಬಣ್ಣ ಹೋಗಿರೋ ದಾರ, ಕೊಂಬೂ ಚಿಕ್ಕದು, ತೊಟ್ಟಿಗೆ ಇಳಿಯುವಾಗ ಕೂದಲ ಗಂಟಿಗೆ ಸಿಕ್ಕಿಸಿಬಿಡು. ಬಳೆ ಕಾಲುಂಗುರ ಲಾಕರ್‌ನಲ್ಲಿ.

ಹೇಮಾವತಿ_ದಡ

ಹೋಗಿ ಬಂದ್ವಿ! ನಿನ್ನೆ ರಾತ್ರಿ ವಾಪಸ್ ಬಂದ್ವಿ, ಇವತ್ತು ಕೂತು ಬರೀತಿದೀನಿ, ಇದನ್ನ ಇಲ್ಲಿ ಹೇಳ್ದೇ ಇದ್ರೆ ತಪ್ಪಾಗುತ್ತೆ.

ಮೊದಲ ದಿನ ಅಕ್ಕ ಹೇಳಿದ ಹಾಗೇ ಡೊಂಗ್ನೆಲಿ ಕಾಲಿಡೋ ತೊಟ್ಟಿ ಹತ್ರ ಕೂತ್ವಿ. ಅಮ್ಮ ಪ್ಯಾಂಟ್ ಮಡಚಿ ಕಾಲಿಟ್ಟೋರು ಮುಕ್ಕಾಲು ಗಂಟೆ ಏಳ್ಲೇ ಇಲ್ಲ. ಪಕ್ಕದಲ್ಲಿದ್ದ ಅಜ್ಜಿಯರು ಅಮ್ಮನ ಕುಂಕುಮ ತೋರಿಸಿ ಏನೋ ಕೇಳಿದ್ರು, ಅಮ್ಮ ಕನ್ನಡದಲ್ಲೇ ಉತ್ತರ ಕೊಟ್ರು, ಅವರಿಗೂ ಸಮಾಧಾನ ಆಯ್ತು. ಕೊಕ್ಕರೆ ಕಥೆ ಹೇಳಿದೆ, ಅದಕ್ಕೆ ಅಮ್ಮ ಪಕ್ಷಿಗೆ ಗೊತ್ತಾಗಿರೋದು ನಮಗೆ ಗೊತ್ತಾಗೋಕೆ ತಡ ಆಗುತ್ತೆ ಅಂದ್ರು.

ಮಾರನೇ ದಿನ ಬೆಳಗ್ಗೆ ಎಂಟಕ್ಕೆ ಹೊಶಿಮ್‌ಚೊಂಗ್. ಲಾಕರ್ ಹತ್ರ ಅಮ್ಮ ಟವೆಲ್ ಎದೆಗವಚ್ಕೊಂಡು ಗೋಡೆ ಕಡೆ ಮುಖ ಮಾಡಿ ನಿಂತ್ಬಿಟ್ರು, ನಂಗೂ ಕೈಕಾಲು ಆಡ್ತಿಲ್ಲ. ಬೇಡ ಅಂದ್ರೆ ವಾಪಸ್ ಹೋಗೋಣಮ್ಮ ಅಂದೆ. ಇಷ್ಟು ದೂರ ಬಂದು ಬೇಡ ಅಂದ್ರೆ ಹೆಂಗೆ ನಡಿ ಅಂತ ಅವರೇ ಮುಂದೆ ಹೋದ್ರು. ಒಳಗೆ ದೊಡ್ಡ ಗುಮ್ಮಟ, ಮೇಲಿಂದ ಬೆಳಕು, ಆವಿ, ಬೋಗುಣಿ ನೆಲಕ್ಕೆ ತಾಗೋ ಸದ್ದು. ಬೆನ್ನು ಬಾಗಿದ ಒಬ್ಬ ಅಜ್ಜಿ ನಮ್ಮನ್ನ ನೋಡಿ ತನ್ನ ಪಕ್ಕದ ಸ್ಟೂಲ್‌ನ ಕಾಲಲ್ಲೇ ನಮ್ಮ ಕಡೆ ತಳ್ಳಿ, ಅದರ ಮೇಲೆ ಒಂದು ಬೋಗುಣಿ ನೀರು ಹಾಕಿ ತೊಳೆದು, ಕೂತ್ಕೋ ಅಂತ ಕೈ ತೋರಿಸಿದ್ರು. ಅಮ್ಮ ಕೂತ್ರು. ಅಷ್ಟೇ, ಸಂಕೋಚ ಮುಗೀತು. ಅಷ್ಟು ಹೊತ್ತಿಗೆ ಆ ಕಡೆಯಿಂದ ಒಂದು ಹುಡುಗಿ ಒಮ್ಮಾ ಅಂತ ಕೂಗಿತು, ಅಮ್ಮ ತಿರುಗಿ ನೋಡಿದ್ರು. ಇಲ್ಲಿ ತಾಯಿಗೆ ಒಮ್ಮಾ, ತಂದೆಗೆ ಅಪ್ಪಾನೇ ಅನ್ನೋದು ಅಂದೆ. ಹೌದಾ, ಹಾಗಾದ್ರೆ ನಮ್ಮೋರೇ ಅಂದ್ರು.

ತೊಟ್ಟಿಲಿ ಸಿಸ್ಟರ್ ಹೇಳಿದ ಹಾಗೆ ಎಂಟೆಂಟು ನಿಮಿಷ ಲೆಕ್ಕ ಹಾಕಿ ಕೂರಿಸ್ದೆ. ಆಮೇಲೆ ಸೆಶಿನ್. ನಾನು ಪಕ್ಕದಲ್ಲೇ ನಿಂತಿದ್ದೆ. ಆ ಅಜುಮ್ಮಾ ಮೊದಲು ಒಂದು ಬಿಸಿ ಟವೆಲ್ ಅಮ್ಮನ ಮುಖದ ಮೇಲೆ ಹಾಕಿದ್ರು, ಆಮೇಲೆ ತೋಳಿಂದ ಶುರು ಮಾಡಿದ್ರು, ಮೂರು ಸಲ ಎಳೆಯೋಷ್ಟರಲ್ಲಿ ರಾಗಿ ಶಾವಿಗೆ ಚೂರಿನ ಥರ ಕೊಳೆ ಎದ್ದು ಬರ್ತಿದೆ. ಪಟ್ ಪಟ್ ಅಂತ ಎರಡೇಟು ಹಾಕಿದ್ರೆ ತಿರುಗಬೇಕು, ಅಮ್ಮಂಗೆ ಎರಡನೇ ಸಲಕ್ಕೇ ಅರ್ಥ ಆಯ್ತು. ಅಂಗೈ, ಬೆರಳ ಸಂದಿ, ಕಿವಿ ಹಿಂದೆ, ಹಿಮ್ಮಡಿ, ಏನೂ ಬಿಡ್ಲಿಲ್ಲ. ಬಲಗೈ ಮಣಿಕಟ್ಟಿನ ಮೇಲೆ ಅಮ್ಮಂಗೆ ಹಂಡೆ ತಾಗಿ ಸುಟ್ಟ ಹಳೇ ಕಲೆ ಇದೆ, ಅದರ ಹತ್ರ ಬಂದಾಗ ಆಕೆ ಚೀಲ ತೆಗೆದು ಬರೀ ಬೆರಳಲ್ಲಿ ಸವರಿ ಮುಂದೆ ಹೋದ್ರು. ಯಾರೂ ಹೇಳಿರ್ಲಿಲ್ಲ ಅವರಿಗೆ. ಕೊನೇಲಿ ತಲೆಯಿಂದ ಕಾಲಿನವರೆಗೂ ಬೋಗುಣಿಲಿ ಬಿಸಿನೀರು, ಒಂದಾದ್ಮೇಲೊಂದು, ಎಣಿಸ್ತಾ ಇದ್ದೆ, ಒಂಬತ್ತು.

ಅಮ್ಮ ಎದ್ದು ದಂಡೆ ಮೇಲೆ ಕೂತ್ಕೊಂಡು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ನಾನು ತಲೆ ಸುತ್ತಾ ಅಂತ ಹೆದರಿ ಕೇಳಿದೆ. ಅಲ್ಲ ಕಣೆ, ನಿನ್ನ ಬಾಣಂತನದಲ್ಲಿ ನಮ್ಮಮ್ಮ ಹಿಂಗೆ ಮಲಗಿಸಿ ನೀರು ಹಾಕಿದ್ಲು, ಆಮೇಲೆ ಇವತ್ತೇ ನೋಡು ಅಂದ್ರು. ನಂಗೀಗ 31. ನಾನು ಆ ಹಸಿರು ಚೀಲ ಇಸ್ಕೊಂಡು ಬೆನ್ನಲ್ಲಿ ಇನ್ನೂ ಸ್ವಲ್ಪ ಇದೆ ಅಂತ ಸುಮ್ನೆ ಹೇಳಿ ಇನ್ನೊಂದ್ಸಲ ಉಜ್ಜಿದೆ. ಸ್ವಲ್ಪ ಮೇಲೆ, ಇನ್ನೂ ಎಡಕ್ಕೆ, ಅಂತ ಹೇಳ್ತಾ ಕೂತಿದ್ರು.

ಆಚೆ ಬಂದು ಅಂಗಡಿಲಿ ಬಾಳೆಹಣ್ಣಿನ ಹಾಲು ಕುಡಿದ್ವಿ, ಗಡಿಗೆ ಆಕಾರದ ಬಾಟಲಿದು. ಇಲ್ಲಿನ ಮಕ್ಕಳಿಗೆ ಸ್ನಾನ ಆದ್ಮೇಲೆ ಅದನ್ನೇ ಕೊಡ್ಸೋದಂತೆ. ಹೋಟೆಲ್‌ಗೆ ಬಂದು ಅಮ್ಮ ಮಧ್ಯಾಹ್ನ ಒಂದರಿಂದ ಐದರವರೆಗೂ ನಿದ್ದೆ, ಮಧ್ಯಾಹ್ನ ಮಲಗಿದ್ದನ್ನ ನಾನು ಯಾವತ್ತೂ ನೋಡಿದ್ದಿಲ್ಲ. ಮೈ ಮಾತ್ರ ಎರಡು ದಿನ ಕೆಂಪಗಿತ್ತು, ಒಣ ಚರ್ಮದವರು ಮೆಲ್ಲಗೆ ಉಜ್ಜೋಕೆ ಹೇಳಿ, ಸಾಲ್‌ಸಾಲ್ ಅಂದ್ರೆ ಮೆಲ್ಲಗೆ ಅಂತ ಅವರಿಗೆ ಅರ್ಥ ಆಗುತ್ತೆ.

ಈಗ ಅಮ್ಮ ಕೇಳ್ತಿರೋದು ಸುವೊನ್‌ನಲ್ಲಿ ಮನೆ ಹತ್ರ ಇಂಥದ್ದು ಇಲ್ವಾ ಅಂತ. ಊರಿಗೆ ಹೊರಡೋಕೆ ಇನ್ನೂ ಒಂಬತ್ತು ದಿನ ಇದೆ. ಅಕ್ಕ, ಹೇಳ್ತೀರಾ?

ಸುವೊನ್_ಅಕ್ಕ

ಓದ್ತಾ ಕಣ್ಣು ತುಂಬಿ ಬಂತು ತಂಗಿ. ಇದೆ, ಯಾಕಿಲ್ಲ, ಬಟ್ಟಲಿಂದ ಮೂರು ಎಳೆ ಹಬೆ ಏಳೋ ಹಾಗೆ ಕೆಂಪು ಗುರುತು ಹಾಕಿರೋ ಬೋರ್ಡ್ ಕಂಡ್ರೆ ಅದು ಸಾಮಾನ್ಯವಾಗಿ ಸ್ನಾನದ ಮನೆನೇ. ನಾನು ಹೋಗೋದು ಹಳೇದು, ಚಿಕ್ಕದು, ಎರಡೇ ತೊಟ್ಟಿ, ಆದ್ರೆ ಉಜ್ಜೋರ ಕೈ ಬಹಳ ಚೆನ್ನಾಗಿದೆ. ನಿಂಗೆ ಮೆಸೇಜ್ ಮಾಡ್ತೀನಿ. ಭಾನುವಾರ ಬೆಳಗ್ಗೆ ಏಳಕ್ಕೆ ನಾನೂ ಬರ್ತೀನಿ, ರಶ್ ಇರಲ್ಲ. ಆಮೇಲೆ ನಮ್ಮನೇಲೇ ತಿಂಡಿ, ಅಕ್ಕಿ ರೊಟ್ಟಿ ಮಾಡ್ತೀನಿ, ಅಮ್ಮ ಸುಮ್ನೆ ಬಂದು ಕೂತ್ಕೊಂಡ್ರೆ ಸಾಕು.